ಸ್ಮೋಕಿ ಬೆಟ್ಟದ ಶೆಲ್ಟರಿನಲ್ಲಿ ಒಂದು ರಾತ್ರಿ: ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ತುಂಗೆಯ ದಡ (ಆಗಸ್ಟ್ 27)

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಷಾರ್ಲಟ್‌ನಲ್ಲಿ. ಅಪ್ಪ ಊರಿಂದ ಬಂದು ಎರಡು ತಿಂಗಳಾಯಿತು. ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟ. ಅಪ್ಪನಿಗೆ ಈಗ 66. ದಿನಾ ಗುಡ್ಡ ಹತ್ತಿ ಇಳಿದು ಅಭ್ಯಾಸ ಇರುವವರು. ಇಲ್ಲಿ ಬಂದ ಮೇಲೆ ಬೆಳಗ್ಗೆ ಫುಟ್‌ಪಾತ್ ಮೇಲೆ ಒಂದು ಸುತ್ತು, ಸಂಜೆ ಇನ್ನೊಂದು ಸುತ್ತು, ಅಷ್ಟೇ. ಮೊನ್ನೆ ಊಟ ಮಾಡುತ್ತಾ "ಇಲ್ಲಿ ಕಾಡು ಅಂತ ಇಲ್ವೇನೇ?" ಅಂತ ಕೇಳಿದರು. ನನಗೆ ಹೊಟ್ಟೆಯಲ್ಲಿ ಹೇಗೋ ಆಯಿತು.

ಇಲ್ಲಿನ ಗ್ರೇಟ್ ಸ್ಮೋಕಿ ಮೌಂಟನ್ಸ್ ನ್ಯಾಷನಲ್ ಪಾರ್ಕಿಗೆ ಹಗಲು ಹೋಗಿ ಬಂದಿದ್ದೇವೆ. ಕಾರಿನಿಂದ ಇಳಿದು ಫೋಟೋ ತೆಗೆದು ವಾಪಸ್. ಈ ಸಲ ಅಪ್ಪನನ್ನು ಕಾಡಿನ ಒಳಗೆ ಒಂದು ರಾತ್ರಿ ಇರಿಸಬೇಕು ಅಂತ ಆಸೆ. ನಾನು, ಯಜಮಾನರು, 13 ವರ್ಷದ ಮಗ, ಅಪ್ಪ, ಒಟ್ಟು ನಾಲ್ಕು ಜನ. ಟೆಂಟ್ ಹೊರುವ ಅಭ್ಯಾಸ ನಮಗಿಲ್ಲ. ನಡೆದುಕೊಂಡೇ ಹೋಗಬೇಕಾದ ಶೆಲ್ಟರ್‌ಗಳು ಅಲ್ಲಿವೆ ಅಂತ ಕೇಳಿದೆ. ಯಾವ ಶೆಲ್ಟರ್ ಆಗಬಹುದು? ಕರಡಿ ಕಾಟ ಹೇಗೆ? ಗುರುತಿಲ್ಲದವರ ಜೊತೆ ಒಂದೇ ಹಲಗೆ ಮೇಲೆ ಮಲಗಬೇಕಂತೆ, ನಿಜವಾ? ಅಕ್ಟೋಬರ್ ಮೊದಲ ವಾರ ಹೋಗುವ ಯೋಚನೆ.

ಬೂಟುಕಾಲು (ಆಗಸ್ಟ್ 27)

ನಾನು ಅಟ್ಲಾಂಟಾದವನು. ಒಂಬತ್ತು ವರ್ಷದಿಂದ ಸ್ಮೋಕಿಯಲ್ಲಿ ನಡೆಯುತ್ತಿದ್ದೇನೆ. ಖಂಡಿತ ಕರೆದುಕೊಂಡು ಹೋಗಿ.

ಮೊದಲು ಶೆಲ್ಟರ್ ಅಂದರೆ ಏನು ಅಂತ ಹೇಳಿಬಿಡ್ತೀನಿ. ಮೂರು ಕಡೆ ಗೋಡೆ, ಮೇಲೆ ಸೂರು, ಎದುರು ಭಾಗ ತೆರೆದೇ ಇರುತ್ತದೆ. ಬಾಗಿಲು ಇಲ್ಲ, ಕರೆಂಟ್ ಇಲ್ಲ, ನಲ್ಲಿ ಇಲ್ಲ. ಒಳಗೆ ಎರಡು ಅಂತಸ್ತಿನ ಮರದ ಅಟ್ಟ. ಕೆಳಗೆ ಒಂದು ಸಾಲು ಜನ, ಮೇಲೆ ಒಂದು ಸಾಲು. ಸಾಮಾನ್ಯವಾಗಿ 12ರಿಂದ 14 ಜನಕ್ಕೆ ಜಾಗ. ಹೌದು, ಗುರುತಿಲ್ಲದವರ ಪಕ್ಕದಲ್ಲೇ ಮಲಗಬೇಕು. ಹಾಸಿಗೆ, ಸ್ಲೀಪಿಂಗ್ ಬ್ಯಾಗ್, ಒಲೆ, ಊಟ ಎಲ್ಲವನ್ನೂ ನೀವೇ ಹೊತ್ತು ತರಬೇಕು.

ಹೆಚ್ಚಿನ ಶೆಲ್ಟರ್‌ಗಳು ಅಪಲಾಚಿಯನ್ ಟ್ರೇಲ್ ಅನ್ನುವ ಉದ್ದದ ಕಾಲುದಾರಿಯ ಮೇಲೆ ಇವೆ. ಆ ಟ್ರೇಲ್ ಒಟ್ಟು ಸುಮಾರು 2,190 ಮೈಲಿ, ಅದರಲ್ಲಿ 71 ಮೈಲಿ ಈ ಪಾರ್ಕಿನ ಬೆಟ್ಟಗಳ ನೆತ್ತಿಯ ಮೇಲೇ ಹೋಗುತ್ತದೆ. ನೆತ್ತಿಯ ಮೇಲೆ ಅಂದರೆ ಎತ್ತರ, ಗಾಳಿ, ಚಳಿ. ಟ್ರೇಲ್‌ನಿಂದ ದೂರ ಇರುವ ಶೆಲ್ಟರ್‌ಗಳು ಮೂರೇ: ಮೌಂಟ್ ಲೆಕಾಂಟ್, ಲಾರೆಲ್ ಗ್ಯಾಪ್, ಕೆಫಾರ್ಟ್.

ನನ್ನ ಸಲಹೆ ಐಸ್‌ವಾಟರ್ ಸ್ಪ್ರಿಂಗ್. ನ್ಯೂಫೌಂಡ್ ಗ್ಯಾಪ್‌ನಲ್ಲಿ ಕಾರು ನಿಲ್ಲಿಸಿ ಮೂರು ಮೈಲಿ ನಡೆದರೆ ಸಿಗುತ್ತದೆ. ಹತ್ತಿರದಲ್ಲೇ ಬುಗ್ಗೆ ನೀರು. ಇನ್ನೊಂದು ಮೈಲಿ ಮುಂದೆ ಹೋದರೆ ಚಾರ್ಲಿಸ್ ಬನಿಯನ್ ಬಂಡೆ. ಅಲ್ಲಿಂದ ಕಾಣುವ ನೋಟ ಜನ್ಮದಲ್ಲಿ ಮರೆಯುವುದಿಲ್ಲ.

ಬೆಳಗಿನ ಪಾಳಿ (ಆಗಸ್ಟ್ 28)

ಬೂಟುಕಾಲು ಅವರೇ, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ಐಸ್‌ವಾಟರ್ ಬೇಡ ಅಂತ ನನ್ನ ಅಭಿಪ್ರಾಯ. ಅದು ಸುಮಾರು 5,900 ಅಡಿ ಎತ್ತರದಲ್ಲಿದೆ. ಅಕ್ಟೋಬರ್ ರಾತ್ರಿ ಅಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಆಗಬಹುದು. ನಾನು ರಾಲೀಯಲ್ಲಿ ನರ್ಸ್. ಹಿರಿಯರು ನಡೆದು ಸುಸ್ತಾಗುವುದಕ್ಕಿಂತ, ಬೆವರಿ ಒದ್ದೆಯಾಗಿ ಆಮೇಲೆ ಥಂಡಿ ಹಿಡಿಸಿಕೊಳ್ಳುವುದು ಜಾಸ್ತಿ ಅಪಾಯ.

ಅಕ್ಕ, ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಅಪ್ಪನಿಗೆ ಹತ್ತಿ ಬಟ್ಟೆ ಹಾಕಿಸಬೇಡಿ. ಹತ್ತಿ ಬನಿಯನ್ ಕೂಡ ಬೇಡ. ಒದ್ದೆಯಾದ ಹತ್ತಿ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಇರಲಿ. ಮಲಗುವಾಗ ಹಾಕಲು ಒಂದು ಜೊತೆ ಒಣ ಬಟ್ಟೆ, ಒಣ ಕಾಲುಚೀಲ ಪ್ಲಾಸ್ಟಿಕ್ ಕವರಿನಲ್ಲಿ ಬೇರೆಯೇ ಕಟ್ಟಿಡಿ, ಹಗಲು ಅದನ್ನು ಮುಟ್ಟಲೇಬೇಡಿ.

ಇನ್ನೊಂದು, ನೀರು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ವಯಸ್ಸಾದವರಿಗಂತೂ ಇನ್ನೂ ಕಡಿಮೆ. ಗಂಟೆಗೊಮ್ಮೆ ನೀವೇ ನೆನಪಿಸಿ ಕುಡಿಸಿ. ಓಆರ್‌ಎಸ್ ಪೊಟ್ಟಣ ಎರಡು ಇಟ್ಟುಕೊಳ್ಳಿ. ಬಿಪಿ ಮಾತ್ರೆ ಇದ್ದರೆ ಇನ್ನೆರಡು ದಿನಕ್ಕೆ ಆಗುವಷ್ಟು ಜಾಸ್ತಿ ಚೀಲದಲ್ಲಿ ಇಟ್ಟುಕೊಳ್ಳಿ. ಅಪ್ಪನ ಟ್ರಾವೆಲ್ ಇನ್ಶೂರೆನ್ಸ್ ಕಾಗದದ ಫೋಟೋ ನಿಮ್ಮ ಫೋನಿನಲ್ಲಿ ಇರಲಿ.

ಬೂಟುಕಾಲು (ಆಗಸ್ಟ್ 28)

ಸರಿ ಹೇಳಿದಿರಿ. ನನಗೆ ಇಷ್ಟವಾದ ಜಾಗವನ್ನು ಹೇಳಿಬಿಟ್ಟೆ, ಮೊದಲ ಸಲ ಹೋಗುವವರಿಗೆ ಯಾವುದು ಸರಿ ಅಂತ ಯೋಚಿಸಬೇಕಿತ್ತು.

ಹಾಗಾದರೆ ಕೆಫಾರ್ಟ್. ಚೆರೋಕೀ ಊರಿನ ಕಡೆಯಿಂದ ಬಂದರೆ 441ನೇ ಹೆದ್ದಾರಿ ಪಕ್ಕದಲ್ಲೇ ದಾರಿ ಶುರು. ಎರಡೇ ಮೈಲಿ, ಅಂದರೆ 3.2 ಕಿಲೋಮೀಟರ್. ಏರು ಎಂಟುನೂರು ಚಿಲ್ಲರೆ ಅಡಿ, ಅದೂ ನಿಧಾನವಾಗಿ. ಶೆಲ್ಟರ್ ಇರುವುದು ಸುಮಾರು 3,600 ಅಡಿಯಲ್ಲಿ. ಪಕ್ಕದಲ್ಲೇ ಹಳ್ಳ ಹರಿಯುತ್ತದೆ. ಮೈ ಸರಿ ಇಲ್ಲ ಅನ್ನಿಸಿದರೆ ಒಂದು ಗಂಟೆಯಲ್ಲಿ ಕಾರಿಗೆ ವಾಪಸ್. ದೊಡ್ಡ ನೋಟ ಏನೂ ಇಲ್ಲ. ಆದರೆ ನಿಮ್ಮ ಅಪ್ಪ ಕೇಳಿದ್ದು ನೋಟ ಅಲ್ಲವಲ್ಲ, ಕಾಡು.

ಮೌಂಟ್ ಲೆಕಾಂಟ್ ಹೆಸರು ಕೇಳಿ ಅದರ ಆಸೆ ಪಡಬೇಡಿ. ಆಲಮ್ ಕೇವ್ ದಾರಿಯಲ್ಲಿ ಐದು ಮೈಲಿ ಹತ್ತಬೇಕು. ಕೆಲವು ಕಡೆ ಬಂಡೆಗೆ ಬಿಗಿದ ಉಕ್ಕಿನ ಹಗ್ಗ ಹಿಡಿದು ನಡೆಯಬೇಕು.

ಪರ್ಮಿಟ್ ವಿಷಯ: ಒಬ್ಬರಿಗೆ ಒಂದು ರಾತ್ರಿಗೆ 8 ಡಾಲರ್. ಆನ್‌ಲೈನ್‌ನಲ್ಲಿ 30 ದಿನ ಮೊದಲು ಮಾತ್ರ ಸಿಗುತ್ತದೆ, ಅದಕ್ಕೂ ಮೊದಲು ತೆರೆಯುವುದಿಲ್ಲ. ಅಕ್ಟೋಬರ್‌ನಲ್ಲಿ ಎಲೆ ಬಣ್ಣ ನೋಡಲು ಜನ ಮುಗಿಬೀಳುತ್ತಾರೆ, ಹಾಗಾಗಿ ಆ 30ನೇ ದಿನ ಬೆಳಗ್ಗೆಯೇ ಕೂತು ಮಾಡಿ. ಒಂದು ಶೆಲ್ಟರಿನಲ್ಲಿ ಸತತ ಒಂದೇ ರಾತ್ರಿ ಇರಬಹುದು. ಪಾರ್ಕಿಗೆ ಪ್ರವೇಶ ಶುಲ್ಕ ಇಲ್ಲ, ಆದರೆ 2023ರಿಂದ ಪಾರ್ಕಿಂಗ್ ಟ್ಯಾಗ್ ಬೇಕು. ದಿನಕ್ಕೆ 5 ಡಾಲರ್, ವಾರಕ್ಕೆ 15, ವರ್ಷಕ್ಕೆ 40. ರಾತ್ರಿ ಉಳಿಯುವವರು ವಾರದ್ದು ತಗೊಂಡರೆ ತಲೆನೋವಿಲ್ಲ. ಹೊರಡುವ ಮೊದಲು ಯಾವ ಸೇತುವೆ, ಯಾವ ದಾರಿ ಮುಚ್ಚಿದೆ ಅಂತ ಪಾರ್ಕಿನ ಪ್ರಕಟಣೆ ನೋಡಿ. 2024ರ ಹೆಲೀನ್ ಚಂಡಮಾರುತ ಪೂರ್ವ ಭಾಗದ ದಾರಿಗಳನ್ನು ತುಂಬಾ ಹಾಳು ಮಾಡಿತ್ತು. ಅನುಮಾನ ಇದ್ದರೆ ಶುಗರ್‌ಲ್ಯಾಂಡ್ಸ್‌ನಲ್ಲಿರುವ ಪಾರ್ಕಿನ ಬ್ಯಾಕ್‌ಕಂಟ್ರಿ (ಕಾಡಿನೊಳಗೆ ಉಳಿಯುವವರ) ಕಚೇರಿಗೆ ಫೋನ್ ಮಾಡಿ. ಅಲ್ಲಿ ಸಮಾಧಾನವಾಗಿ ಹೇಳುತ್ತಾರೆ.

ಹೊಸಪೇಟೆ ಹುಡುಗ (ಆಗಸ್ಟ್ 28)

ಕರಡಿ ಬಗ್ಗೆ ನಾನು ಹೇಳ್ತೀನಿ. ನಮ್ಮೂರ ಪಕ್ಕದಲ್ಲೇ ದರೋಜಿ ಕರಡಿಧಾಮ. ಚಿಕ್ಕಂದಿನಿಂದ ಕರಡಿ ಅಂದರೆ ಏನು ಅಂತ ಗೊತ್ತು. ಗೆದ್ದಲು, ಹಣ್ಣು ತಿನ್ನುವ ನಮ್ಮ ಕರಡಿ ಹತ್ತಿರದಿಂದ ಎದುರಾದರೆ ಗಾಬರಿಯಿಂದ ಮೈಮೇಲೆ ಬೀಳುತ್ತದೆ. ಹೊಲಕ್ಕೆ ಹೋದವರು ಮುಖ ಹರಿಸಿಕೊಂಡಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಸ್ಮೋಕಿಯ ಕಪ್ಪು ಕರಡಿಯ ಸ್ವಭಾವ ಬೇರೆ. ಪಾರ್ಕಿನಲ್ಲಿ ಸುಮಾರು 1,900 ಕರಡಿಗಳಿವೆ ಅಂತ ಪಾರ್ಕಿನವರೇ ಹೇಳುತ್ತಾರೆ. ಸಾಮಾನ್ಯವಾಗಿ ಅದು ಮನುಷ್ಯನನ್ನು ಕಂಡರೆ ದೂರ ಸರಿಯುತ್ತದೆ. ಅದಕ್ಕೆ ಬೇಕಾಗಿರುವುದು ನಿಮ್ಮ ಊಟ. ಒಂದು ಸಲ ಊಟದ ರುಚಿ ಹತ್ತಿತೋ, ಆಮೇಲೆ ಹೆದರುವುದನ್ನು ಬಿಡುತ್ತದೆ. ಕೊನೆಗೆ ಅಧಿಕಾರಿಗಳು ಆ ಕರಡಿಯನ್ನೇ ಕೊಲ್ಲಬೇಕಾಗುತ್ತದೆ. ನಮ್ಮ ಒಂದು ಬಿಸ್ಕತ್ ಪೊಟ್ಟಣಕ್ಕೆ ಒಂದು ಜೀವ ಹೋಗುತ್ತದೆ. ಇದು ನನಗೆ ತುಂಬಾ ಸಂಕಟದ ವಿಷಯ.

ಹಿಂದೆ ಶೆಲ್ಟರ್‌ಗಳ ಎದುರು ಕರಡಿ ಬಾರದಂತೆ ಕಬ್ಬಿಣದ ಜಾಲರಿ ಹಾಕಿದ್ದರು. ಜನ ಒಳಗೆ ಸುರಕ್ಷಿತವಾಗಿ ಕೂತು ಜಾಲರಿ ಸಂದಿಯಿಂದ ಕರಡಿಗೆ ತಿನ್ನಿಸಲು ಶುರು ಮಾಡಿದರು. ಅದಕ್ಕೇ ಜಾಲರಿ ತೆಗೆದುಬಿಟ್ಟರು. ಈಗ ಪ್ರತಿ ಶೆಲ್ಟರ್ ಹತ್ತಿರ ಮರಗಳ ನಡುವೆ ಉಕ್ಕಿನ ಕೇಬಲ್ ಕಟ್ಟಿರುತ್ತಾರೆ. ಬಾವಿಯ ಗಡಗಡೆ ಇದ್ದ ಹಾಗೆ. ಕೊಕ್ಕೆಗೆ ಚೀಲ ಸಿಕ್ಕಿಸಿ, ಮೇಲಕ್ಕೆ ಎಳೆದು, ಕೆಳಗಿನ ತುದಿಯನ್ನು ಭದ್ರ ಮಾಡಬೇಕು. ಊಟ ಮಾತ್ರ ಅಲ್ಲ, ಟೂತ್‌ಪೇಸ್ಟ್, ಸೋಪು, ಕೊಬ್ಬರಿ ಎಣ್ಣೆ, ಕಸದ ಕವರು, ವಾಸನೆ ಬರುವುದೆಲ್ಲ ಮೇಲೆ ಹೋಗಬೇಕು.

ದಾರಿಯಲ್ಲಿ ಕಂಡರೆ ಓಡಬೇಡಿ. ಕನಿಷ್ಠ 50 ಗಜ ದೂರ ಇರಬೇಕು ಅಂತ ಕಾನೂನೇ ಇದೆ. ನಿಧಾನವಾಗಿ ಹಿಂದೆ ಸರಿಯಿರಿ. ಅದು ಬೆನ್ನು ಬಿಡದೆ ಹತ್ತಿರ ಬಂದರೆ ಎಲ್ಲರೂ ಒಟ್ಟಿಗೆ ನಿಂತು, ಕೈ ಎತ್ತಿ, ಜೋರಾಗಿ ಕೂಗಿ.

ಒಂಟಿ ಟೆಂಟು (ಆಗಸ್ಟ್ 29)

ನನ್ನದು ಬೇರೆ ಅಭಿಪ್ರಾಯ. ಶೆಲ್ಟರ್ ಬದಲು ಟೆಂಟ್ ಹಾಕುವ ಕ್ಯಾಂಪ್‌ಸೈಟಿಗೆ ಹೋಗಿ. ಶೆಲ್ಟರಿನಲ್ಲಿ ಇಲಿ ಇರುತ್ತದೆ. ಪಕ್ಕದವರು ಗೊರಕೆ ಹೊಡೆಯುತ್ತಾರೆ. ಒಬ್ಬರು ರಾತ್ರಿ ಎದ್ದರೆ ಹಲಗೆ ಅಲುಗಿ ಎಲ್ಲರಿಗೂ ಎಚ್ಚರ.

ಇನ್ನೊಂದು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಎರಡು ವರ್ಷದ ಹಿಂದೆ ಒಂದು ಶೆಲ್ಟರಿನಲ್ಲಿ ನಮ್ಮವರದೇ ಎಂಟು ಜನರ ಗುಂಪು ಬಂದಿತ್ತು. ರಾತ್ರಿ ಹನ್ನೊಂದರವರೆಗೆ ಸ್ಪೀಕರ್‌ನಲ್ಲಿ ಹಾಡು. ಪಕ್ಕದಲ್ಲಿ ಆ ದಿನ 15 ಮೈಲಿ ನಡೆದು ಬಂದ ಹೆಂಗಸೊಬ್ಬರು ಮುಸುಕು ಹೊದ್ದು ಮಲಗಿದ್ದರು, ಏನೂ ಮಾತಾಡಲಿಲ್ಲ. ನಾನು ಕನ್ನಡದಲ್ಲೇ ಹೋಗಿ ಕೇಳಿಕೊಂಡ ಮೇಲೆ ನಿಲ್ಲಿಸಿದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ತುಂಗೆಯ ದಡ (ಆಗಸ್ಟ್ 29)

ಬೇಸರ ಇಲ್ಲ, ಹೇಳಿದ್ದು ಒಳ್ಳೆಯದಾಯಿತು. ಆದರೆ ಈಗ ನನಗೆ ನಿಜವಾದ ಚಿಂತೆ ಶುರುವಾಯಿತು. ಅಪ್ಪ ಗೊರಕೆ ಹೊಡೆಯುತ್ತಾರೆ. ಸಣ್ಣ ಗೊರಕೆ ಅಲ್ಲ. ಹನ್ನೆರಡು ಜನರ ನಿದ್ದೆ ಕೆಡಿಸುವುದು ನ್ಯಾಯವಾ? ಇದಕ್ಕೇ ಬೇಡ ಅಂತ ಬಿಟ್ಟುಬಿಡಲಾ?

ಬೂಟುಕಾಲು (ಆಗಸ್ಟ್ 29)

ಬಿಡಬೇಡಿ! ಗೊರಕೆ ಯಾರ ತಪ್ಪೂ ಅಲ್ಲ. ಶೆಲ್ಟರಿಗೆ ಬರುವವರಿಗೆ ಇದು ಗೊತ್ತಿರುತ್ತದೆ. ಒಂದು ಪೊಟ್ಟಣ ಫೋಮ್ ಇಯರ್‌ಪ್ಲಗ್ ತಗೊಂಡು ಹೋಗಿ. ಸಂಜೆ ಎಲ್ಲರ ಪರಿಚಯ ಆಗುವಾಗ "ನಮ್ಮ ತಂದೆ ಗೊರಕೆ ಹೊಡೆಯುತ್ತಾರೆ, ದಯವಿಟ್ಟು ಇದನ್ನು ಇಟ್ಟುಕೊಳ್ಳಿ" ಅಂತ ಒಬ್ಬೊಬ್ಬರಿಗೂ ಒಂದು ಜೊತೆ ಕೊಡಿ. ಅಪ್ಪನನ್ನು ಗೋಡೆ ಪಕ್ಕ ಕೆಳಗಿನ ಸಾಲಿನಲ್ಲಿ ಮಲಗಿಸಿ. ಮೇಲಿನ ಅಟ್ಟಕ್ಕೆ ಏಣಿ ಹತ್ತಬೇಕು, ರಾತ್ರಿ ಏಳುವವರಿಗೆ ಕಷ್ಟ. ಕತ್ತಲಾದ ಮೇಲೆ ಹೆಡ್‌ಲ್ಯಾಂಪ್‌ನ ಕೆಂಪು ದೀಪ ಮಾತ್ರ ಹಾಕಿ, ಬಿಳಿ ದೀಪ ಮಲಗಿದವರ ಕಣ್ಣಿಗೆ ಹೊಡೆಯುತ್ತದೆ.

ಟೆಂಟಿನ ವಿಷಯ: ಶೆಲ್ಟರ್ ಪಕ್ಕ ಟೆಂಟ್ ಹಾಕುವ ಹಾಗಿಲ್ಲ. ಶೆಲ್ಟರ್ ಕಂಬಕ್ಕೆ ತೂಗುಮಂಚ ಕಟ್ಟುವ ಹಾಗೂ ಇಲ್ಲ. ಎರಡಕ್ಕೂ ಕ್ಯಾಂಪ್‌ಸೈಟ್‌ಗಳು ಬೇರೆ ಇವೆ. ನಾಲ್ಕು ಜನರ ಟೆಂಟ್ ಹೊರುವ ಭಾರ ಉಳಿಯುವುದೇ ಇವರಿಗೆ ಶೆಲ್ಟರಿನ ದೊಡ್ಡ ಲಾಭ.

ಗೊಜ್ಜವಲಕ್ಕಿ (ಆಗಸ್ಟ್ 30)

ಊಟದ ಬಗ್ಗೆ ಯಾರೂ ಬರೆಯಲೇ ಇಲ್ಲವಲ್ಲ. ಅಂಗಡಿಯಲ್ಲಿ ಸಿಗುವ ಒಣ ಊಟದ ಪೊಟ್ಟಣ ನಮ್ಮ ಹಿರಿಯರಿಗೆ ಒಂದು ತುತ್ತೂ ಇಳಿಯುವುದಿಲ್ಲ. ನಮ್ಮ ಅಡುಗೆಯಲ್ಲೇ ಬೆಟ್ಟಕ್ಕೆ ಹೇಳಿಮಾಡಿಸಿದ ತಿಂಡಿಗಳಿವೆ.

ಗಟ್ಟಿ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ. ಹುಣಸೆ ಗೊಜ್ಜನ್ನು ಮನೆಯಲ್ಲೇ ಬೆಲ್ಲ, ಸಾರಿನ ಪುಡಿ, ಉಪ್ಪು ಹಾಕಿ ಗಟ್ಟಿಯಾಗಿ ಕುದಿಸಿಕೊಳ್ಳಿ. ಒಗ್ಗರಣೆ, ಕಡಲೆಬೀಜ, ಒಣಕೊಬ್ಬರಿ ಬೇರೆ ಡಬ್ಬಿಯಲ್ಲಿ. ಅಲ್ಲಿ ಹೋಗಿ ಗೊಜ್ಜಿಗೆ ನೀರು ಬೆರೆಸಿ, ಅವಲಕ್ಕಿ ಹಾಕಿ, ಹದಿನೈದು ನಿಮಿಷ ಬಿಡಿ. ಒಲೆ ಹಚ್ಚುವುದೇ ಬೇಡ. ಮಳೆ ಬಂದು ಒಲೆ ಹತ್ತದಿದ್ದರೂ ಹೊಟ್ಟೆ ತುಂಬುತ್ತದೆ. ಬೆಳಗ್ಗೆಗೆ ಹುರಿಹಿಟ್ಟು, ಬೆಲ್ಲ, ಹಾಲಿನ ಪುಡಿ, ಅದಕ್ಕೆ ಬಿಸಿನೀರು. ಚಪಾತಿ, ಚಟ್ನಿಪುಡಿ ಹೇಗೂ ಎರಡು ದಿನ ಕೆಡುವುದಿಲ್ಲ.

ಒಂದು ಬೇಡಿಕೆ ಇದೆ. ಅಲ್ಲಿ ಒಗ್ಗರಣೆ ಹಾಕಬೇಡಿ. ಇಂಗು, ಬೆಳ್ಳುಳ್ಳಿ ಘಮ ಬಟ್ಟೆಗೆಲ್ಲ ಅಂಟುತ್ತದೆ, ಕಾಡಿನಲ್ಲಿ ಬಹಳ ದೂರ ಹೋಗುತ್ತದೆ. ಪಾತ್ರೆ ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲಬೇಡಿ. ಹಳ್ಳದಿಂದ, ಶೆಲ್ಟರಿನಿಂದ ನೂರು ಅಡಿ ದೂರ ಹೋಗಿ ಚೆಲ್ಲಿ. ಅಗುಳು ಸೋಸಿ ಕಸದ ಕವರಿಗೆ ಹಾಕಿಕೊಳ್ಳಿ.

ಬೆಳಗಿನ ಪಾಳಿ (ಆಗಸ್ಟ್ 30)

ಊಟದ ಮಾತು ಬಂದಿದ್ದಕ್ಕೆ ಇದನ್ನೂ ಸೇರಿಸ್ತೀನಿ, ಸಂಕೋಚ ಬೇಡ. ಪಾಯಿಖಾನೆ ಇರುವ ಶೆಲ್ಟರ್‌ಗಳೂ ಇವೆ, ಇಲ್ಲದವೂ ಇವೆ. ಇಲ್ಲ ಅಂತಲೇ ತಿಳಿದು ತಯಾರಾಗಿ. ಒಂದು ಪುಟ್ಟ ಕೈಸಲಿಕೆ ಬೇಕು. ನೀರು, ದಾರಿ, ಶೆಲ್ಟರ್ ಮೂರರಿಂದಲೂ ನೂರು ಅಡಿ ದೂರದಲ್ಲಿ ಆರು ಇಂಚು ಗುಂಡಿ ತೆಗೆದು, ಆಮೇಲೆ ಮುಚ್ಚಬೇಕು. ಪೇಪರ್ ಬಳಸಿದರೆ ಕವರಿಗೆ ಹಾಕಿ ವಾಪಸ್ ತನ್ನಿ. ಅಪ್ಪನಿಗೆ ಚೊಂಬಿನ ಬದಲು ಒಂದು ಬಾಟಲಿ ಬೇರೆಯೇ ಕೊಡಿ.

ಕೈಯನ್ನು ಸೋಪು ಹಾಕಿ ತೊಳೆಯಿರಿ, ಅದೂ ಹಳ್ಳದಿಂದ ದೂರ. ಸ್ಯಾನಿಟೈಸರ್ ನೊರೊವೈರಸ್ಸಿಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಅಪಲಾಚಿಯನ್ ಟ್ರೇಲ್ ಮೇಲೆ ಈ ವಾಂತಿಭೇದಿ ಹಲವು ಸಲ ಹರಡಿದೆ. ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಒಂದು ನಿಮಿಷ ಕುದಿಸದೆ ಕುಡಿಯಬೇಡಿ. ಬರೀ ಫಿಲ್ಟರ್ ವೈರಸ್ಸನ್ನು ತಡೆಯುವುದಿಲ್ಲ.

ಕಳಸದ ಕಾಫಿ (ಸೆಪ್ಟೆಂಬರ್ 1)

ನಾನು ಈಗ ಬೆಂಗಳೂರಿನಲ್ಲಿದ್ದೇನೆ. ಮೂರು ವರ್ಷ ನಾಕ್ಸ್‌ವಿಲ್‌ನಲ್ಲಿದ್ದಾಗ ಕೆಫಾರ್ಟ್‌ಗೆ ಎರಡು ಸಲ ಹೋಗಿದ್ದೆ. ಆ ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಒಂದು ಕಲ್ಲಿನ ಹೊಗೆಗೂಡು ಒಂಟಿಯಾಗಿ ನಿಂತಿದೆ. ಅಪ್ಪನಿಗೆ ಅದನ್ನು ತೋರಿಸಿ.

1933ರಿಂದ 1942ರವರೆಗೆ ಅಲ್ಲಿ ಸಿಸಿಸಿ ಅನ್ನುವ ಸರ್ಕಾರಿ ಯೋಜನೆಯ ಹುಡುಗರ ಶಿಬಿರ ಇತ್ತು. ಅಮೆರಿಕದಲ್ಲಿ ಕೆಲಸವೇ ಇಲ್ಲದ ಕಾಲ ಅದು. ಹದಿನೆಂಟು, ಇಪ್ಪತ್ತು ವರ್ಷದ ಹುಡುಗರಿಗೆ ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ ಸುಮಾರು 25 ಡಾಲರ್ ನೇರ ಮನೆಗೆ ಹೋಗುತ್ತಿತ್ತು. ಈ ಪಾರ್ಕಿನ ಎಷ್ಟೋ ದಾರಿ, ಸೇತುವೆ ಕಟ್ಟಿದವರು ಅಂಥ ಹುಡುಗರು.

ಇನ್ನೊಂದು ಮಾತು. ಪಾರ್ಕ್ 1934ರಲ್ಲಿ ಆಗುವ ಮೊದಲು ಆ ಕಣಿವೆಗಳಲ್ಲಿ ಜನ ಇದ್ದರು. ಸಾವಿರಕ್ಕೂ ಹೆಚ್ಚು ಜಮೀನುದಾರರು ಜಾಗ ಬಿಡಬೇಕಾಯಿತು. ಅದಕ್ಕೂ ಮೊದಲು ಅದು ಮೂಲನಿವಾಸಿಗಳಾದ ಚೆರೋಕೀ ಜನರ ನೆಲ. 1838ರಲ್ಲಿ ಅವರಲ್ಲಿ ಹೆಚ್ಚಿನವರನ್ನು ಸೈನ್ಯ ಹೊರಗಟ್ಟಿತು. ಕೆಲವರು ಅಲ್ಲೇ ಉಳಿದರು, ಅವರ ವಂಶದವರು ಈಗಲೂ ಪಾರ್ಕಿನ ಪಕ್ಕದಲ್ಲೇ ಇದ್ದಾರೆ. ಪಾರ್ಕಿನ ಅತಿ ಎತ್ತರದ ಶಿಖರಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಅವರ ಭಾಷೆಯ ಹೆಸರನ್ನೇ ವಾಪಸ್ ಕೊಟ್ಟರು. ಮೊದಲು ಕ್ಲಿಂಗ್‌ಮನ್ಸ್ ಡೋಮ್, ಈಗ ಕುವೋಹಿ. ಕುದುರೆಮುಖದ ಕಡೆಯವರಾದ ನಮಗೆ ನ್ಯಾಷನಲ್ ಪಾರ್ಕ್ ಅಂದರೆ ಕಾಡಿನ ಜೊತೆಗೆ ಮನೆ ಬಿಟ್ಟು ಹೋದವರ ಮುಖವೂ ಕಣ್ಣಿಗೆ ಬರುತ್ತದೆ. ಅದಕ್ಕೇ ಆ ಹೊಗೆಗೂಡಿನ ಹತ್ತಿರ ನಾನು ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತಿದ್ದೆ.

ತುಂಗೆಯ ದಡ (ಸೆಪ್ಟೆಂಬರ್ 5)

ಪರ್ಮಿಟ್ ಸಿಕ್ಕಿತು! ಕೆಫಾರ್ಟ್, ನಾಲ್ಕು ಜಾಗ, 32 ಡಾಲರ್. ಎಲ್ಲರಿಗೂ ಧನ್ಯವಾದ. ಹೋಗಿ ಬಂದು ಬರೆಯುತ್ತೇನೆ.

ತುಂಗೆಯ ದಡ (ಅಕ್ಟೋಬರ್ 9)

ಹೋಗಿ ಬಂದೆವು. ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಬೆಳಗ್ಗೆ ಐದಕ್ಕೆ ಮನೆ ಬಿಟ್ಟೆವು. ಪಾರ್ಕಿನ ಅಂಚಿನ ಒಕೊನಲಫ್ಟಿ ಹತ್ತಿರ ಬರುವಾಗ ಎಂಟೂವರೆ. ರಸ್ತೆ ಪಕ್ಕದ ಗದ್ದೆಯಲ್ಲಿ ಇನ್ನೂ ಮಂಜು. ಆ ಮಂಜಿನೊಳಗೆ ಎಲ್ಕ್ ಹಿಂಡು ನಿಂತಿತ್ತು. ಅಪ್ಪ "ಕಡವೆ! ಇಷ್ಟು ದೊಡ್ಡದಾ!" ಅಂದರು. ಇಲ್ಲಿ ಪೂರ್ತಿ ನಾಶವಾಗಿದ್ದ ಪ್ರಾಣಿಯನ್ನು 2001ರಲ್ಲಿ ಬೇರೆ ಕಡೆಯಿಂದ ಮತ್ತೆ ತಂದು ಬಿಟ್ಟಿದ್ದು ಅಂತ ಬೋರ್ಡು ಓದಿ ಮಗ ಹೇಳಿದ. ಗಂಡು ಎಲ್ಕ್ ಒಂದು ಕೂಗಿತು. ಕೊಳಲು ಊದಿದ ಹಾಗೆ ಶುರುವಾಗಿ ಕೊನೆಗೆ ಕಿರುಚಿದ ಹಾಗೆ. ಅಪ್ಪ ಕಾರಿನ ಕಿಟಕಿ ಇಳಿಸಿ ಹತ್ತು ನಿಮಿಷ ಏನೂ ಮಾತಾಡಲಿಲ್ಲ.

ದಾರಿ ನೀವು ಹೇಳಿದ ಹಾಗೇ ಇತ್ತು. ಹಳ್ಳವನ್ನು ಹಲವು ಸಲ ದಾಟಬೇಕು. ದೊಡ್ಡ ಮರದ ದಿಮ್ಮಿಯ ಮೇಲ್ಭಾಗ ಚಪ್ಪಟೆ ಮಾಡಿ, ಒಂದು ಪಕ್ಕ ಕೈಹಿಡಿ ಕೊಟ್ಟಿದ್ದಾರೆ. ಅಪ್ಪ ಮೊದಲನೆಯದನ್ನು ನೋಡಿದ ಕೂಡಲೇ "ಇದು ಸಂಕ" ಅಂದರು. ನಮ್ಮ ಕಡೆ ಮಳೆಗಾಲದಲ್ಲಿ ಹಳ್ಳ ದಾಟಲು ಅಡಿಕೆ ಮರದ ಸಂಕ ಹಾಕುತ್ತಾರಲ್ಲ, ಅದೇ. ನಾನು ಕೈ ಹಿಡಿಯಲು ಹೋದರೆ ಅವರೇ ನನ್ನ ಕೈ ಹಿಡಿದು ದಾಟಿಸಿದರು. ಇಂಬಳ ಇಲ್ಲ ಅನ್ನುವುದೇ ಅವರಿಗೆ ನಂಬಲು ಆಗಲಿಲ್ಲ, ಅರ್ಧ ದಾರಿಯವರೆಗೂ ಪ್ಯಾಂಟ್ ಮೇಲೆತ್ತಿ ಕಾಲು ನೋಡಿಕೊಳ್ಳುತ್ತಿದ್ದರು.

ಹೊಗೆಗೂಡಿನ ಹತ್ತಿರ ಕೂತೆವು. ಕಳಸದ ಕಾಫಿ ಅವರು ಬರೆದಿದ್ದನ್ನು ಅಪ್ಪನಿಗೆ ಓದಿ ಹೇಳಿದೆ. 30ರಲ್ಲಿ 25 ಮನೆಗೆ ಅಂದಾಗ ಅಪ್ಪ ತಲೆ ಆಡಿಸಿದರು. ದೊಡ್ಡಪ್ಪ ಹದಿನೇಳನೇ ವಯಸ್ಸಿಗೆ ಶಿವಮೊಗ್ಗದ ಮಂಡಿಗೆ ಕೆಲಸಕ್ಕೆ ಹೋಗಿ ದುಡ್ಡು ಕಳಿಸುತ್ತಿದ್ದ ಕಥೆ ಹೇಳಿದರು. ನಾನು ಅದನ್ನು ಮೊದಲ ಸಲ ಕೇಳಿದ್ದು.

ಶೆಲ್ಟರಿನಲ್ಲಿ ನಮಗಿಂತ ಮೊದಲೇ ಐದು ಜನ ಇದ್ದರು. ಇಬ್ಬರು ಕಾಲೇಜು ಹುಡುಗರು, ಒಬ್ಬ ತಾಯಿ, ಅವರ ಮಗಳು, ಮತ್ತೆ ಟೆನ್ನೆಸ್ಸಿಯ ಒಬ್ಬರು ಅಜ್ಜ. ಅಜ್ಜನಿಗೆ 70ರ ಮೇಲಿರಬೇಕು, ಒಬ್ಬರೇ ಬಂದಿದ್ದರು. ಸಂಜೆ ಮಳೆ ಹಿಡಿಯಿತು. ಬಿದ್ದ ಒಣ ಸೌದೆ ಮಾತ್ರ ಆರಿಸಬಹುದು, ಅದೂ ಅರ್ಧ ಒದ್ದೆ. ಹುಡುಗರು ಬೆಂಕಿ ಹಚ್ಚಲು ಒದ್ದಾಡುತ್ತಿದ್ದರು. ಅಪ್ಪ ಅಜ್ಜನ ಚಾಕು ಕೇಳಿ ತಗೊಂಡು, ಸೌದೆಯ ಒಳಗಿನ ಒಣ ತಿರುಳನ್ನು ತೆಳ್ಳಗೆ ಹೆರೆದರು. ಅಜ್ಜನೂ ಪಕ್ಕದಲ್ಲಿ ಕೂತು ಹೆರೆಯಲು ಶುರು ಮಾಡಿದರು. ಇಬ್ಬರ ನಡುವೆ ಇಂಗ್ಲಿಷ್ ಹತ್ತು ಪದ ಇರಲಿಲ್ಲ. ಬೆಂಕಿ ಹತ್ತಿತು.

ಗೊಜ್ಜವಲಕ್ಕಿ ಎಲ್ಲರಿಗೂ ಹಂಚಿದೆವು. ಆ ಹುಡುಗಿ ಎರಡು ಸಲ ಹಾಕಿಸಿಕೊಂಡಳು. ಇಯರ್‌ಪ್ಲಗ್ ಕೊಟ್ಟು ವಿಷಯ ಹೇಳಿದೆ. ಅಜ್ಜ ಜೋರಾಗಿ ನಕ್ಕು, ತಾವೂ ಗೊರಕೆ ಹೊಡೆಯುವುದಾಗಿ ಹೇಳಿದರು. ಇಬ್ಬರನ್ನೂ ಒಂದೇ ಮೂಲೆಯಲ್ಲಿ ಮಲಗಿಸಿದೆವು. ಅಪ್ಪ ಮಲಗುವಾಗ "ಮದುವೆಮನೆ ಜಗಲಿಯಲ್ಲಿ ಮಲಗಿದ ಹಾಗಾಯ್ತು" ಅಂದರು. ಸಾಲಾಗಿ ಚಾಪೆ, ಯಾರ ಪಕ್ಕ ಯಾರು ಅಂತ ಇಲ್ಲ, ಅಂಗಳದಲ್ಲಿ ಮಳೆ. ಆಮೇಲೆ ನನಗೂ ಗುರುತಿಲ್ಲದವರು ಅನ್ನಿಸಲಿಲ್ಲ.

ಈಗ ತಪ್ಪುಗಳು. ನೀರು ಕುಡಿಸಿ ಅಂತ ಬೆಳಗಿನ ಪಾಳಿ ಅವರು ಹೇಳಿದ್ದರು. ಖುಷಿಯಲ್ಲಿ ಮರೆತುಬಿಟ್ಟೆ. ರಾತ್ರಿ ಎರಡು ಗಂಟೆಗೆ ಅಪ್ಪನ ಮೀನಖಂಡ ಹಿಡಿದುಕೊಂಡಿತು. ಬೇರೆಯವರಿಗೆ ಎಚ್ಚರ ಆಗಬಾರದು ಅಂತ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದರು. ನನಗೆ ಗೊತ್ತಾಗುವ ಹೊತ್ತಿಗೆ ಕಣ್ಣಲ್ಲಿ ನೀರು. ಓಆರ್‌ಎಸ್ ನಾನು ಊಟದ ಚೀಲದಲ್ಲಿ ಹಾಕಿ ಕೇಬಲ್ ಮೇಲೆ ಏರಿಸಿಬಿಟ್ಟಿದ್ದೆ. ಆ ತಾಯಿ ಎದ್ದು, ಕೆಂಪು ದೀಪ ಹಾಕಿ, ತಮ್ಮ ಬಾಟಲಿಯ ನೀರು ಕೊಟ್ಟರು. ಕಾಲ್ಬೆರಳನ್ನು ಮೇಲಕ್ಕೆ ಎಳೆದು ಹಿಡಿಯುವುದು ಹೇಗೆ ಅಂತ ತೋರಿಸಿದರು. ಸ್ವಲ್ಪ ಹೊತ್ತಿಗೆ ಸರಿಹೋಯಿತು. ಅಷ್ಟು ಹೊತ್ತೂ ಅಪ್ಪ ಕೈ ಮುಗಿಯುತ್ತಲೇ ಇದ್ದರು.

ಮಗ ಪ್ಯಾಂಟ್ ಜೇಬಿನಲ್ಲಿ ಚಿಕ್ಕಿ ಸುತ್ತಿದ್ದ ಖಾಲಿ ಕಾಗದ ಬಿಟ್ಟಿದ್ದ. ಬೆಳಗ್ಗೆ ನೋಡಿದರೆ ಜೇಬಿಗೆ ರೂಪಾಯಿ ಅಗಲದ ತೂತು. ಇಲಿ! ಮತ್ತೆ ನಾನು ಕಡಿಮೆ ಬೆಲೆಗೆ ಒಂದು ಅಂಗಡಿಯಲ್ಲಿ ತಂದ ಮಳೆ ಕೋಟು ಅರ್ಧ ಗಂಟೆಯಲ್ಲೇ ಸೋರಿತು. ಮನೆಯ ಶವರ್ ಕೆಳಗೆ ನಿಂತು ಪರೀಕ್ಷೆ ಮಾಡಿ ನೋಡಬೇಕಿತ್ತು.

ಕರಡಿ ಕಾಣಲಿಲ್ಲ. ಅಪ್ಪನಿಗೆ ಅದೊಂದು ಬೇಜಾರು.

ಬೆಳಗಿನ ಪಾಳಿ (ಅಕ್ಟೋಬರ್ 9)

ಓದಿ ಕಣ್ಣು ತುಂಬಿತು. ಓಆರ್‌ಎಸ್ ಎಲ್ಲಿಡಬೇಕು ಅಂತ ನಾನೇ ಹೇಳಬೇಕಿತ್ತು. ಅದೂ ವಾಸನೆ ಬರುವ ವಸ್ತುವೇ, ರಾತ್ರಿ ಮೇಲೆ ಕಟ್ಟಿದ್ದು ಸರಿ. ಮುಂದಿನ ಸಲ ಊಟಕ್ಕೆ ಕೂರುವ ಮೊದಲೇ ಒಂದು ಪೊಟ್ಟಣ ಕುಡಿಸಿಬಿಡಿ. ರಾತ್ರಿಗೆ ಬರೀ ನೀರಿನ ಬಾಟಲಿ ತಲೆದೆಸೆಯಲ್ಲಿ ಇರಲಿ. ಬಿಪಿ ಮಾತ್ರೆಗಳಲ್ಲಿ ಕೆಲವು ಮೈಯ ಉಪ್ಪು, ನೀರು ಕಡಿಮೆ ಮಾಡುತ್ತವೆ. ಅಪ್ಪ ಅಂಥದ್ದು ತಗೊಳ್ಳುತ್ತಿದ್ದರೆ ಓಆರ್‌ಎಸ್ ಎಷ್ಟು ಕುಡಿಯಬಹುದು ಅಂತ ಅವರ ಡಾಕ್ಟರನ್ನು ಒಮ್ಮೆ ಕೇಳಿ.

ಒಂಟಿ ಟೆಂಟು (ಅಕ್ಟೋಬರ್ 10)

ಅಕ್ಕ, ನಾನು ಶೆಲ್ಟರ್ ಬೇಡ ಅಂದಿದ್ದೆ. ನಿಮ್ಮ ಬರಹ ಓದಿದ ಮೇಲೆ ಆ ಮಾತು ವಾಪಸ್ ತಗೊಳ್ತೀನಿ. ಟೆಂಟ್ ಒಳಗಿದ್ದರೆ ಆ ತಾಯಿ ಎದ್ದು ಬರುತ್ತಿರಲಿಲ್ಲ.

ತುಂಗೆಯ ದಡ (ಅಕ್ಟೋಬರ್ 12)

ಅಪ್ಪ ಈಗ ಇನ್ನೊಂದು ಸಲ ಅಂತಿದ್ದಾರೆ. ಬೂಟುಕಾಲು ಅವರು ಮೊದಲು ಹೇಳಿದ ಐಸ್‌ವಾಟರ್ ಆಗಬಹುದಾ? ಅಪ್ಪ ವಾಪಸ್ ಹೋಗುವುದು ಡಿಸೆಂಬರ್ ಮೊದಲ ವಾರ.

ಬೂಟುಕಾಲು (ಅಕ್ಟೋಬರ್ 12)

ನವೆಂಬರ್ ಎರಡನೇ ವಾರದೊಳಗೆ ಹೋಗಿ ಬನ್ನಿ. ಹಿಮ ಬಿದ್ದರೆ ನ್ಯೂಫೌಂಡ್ ಗ್ಯಾಪ್ ರಸ್ತೆಯನ್ನೇ ಮುಚ್ಚುತ್ತಾರೆ, ಕಾರು ಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ. ಹೊರಡುವ ಹಿಂದಿನ ದಿನ ಎತ್ತರದ ಜಾಗದ ಹವಾಮಾನ ನೋಡಿ, ಊರಿನದ್ದಲ್ಲ. ಕೆಳಗೆ ಬಿಸಿಲಿದ್ದರೂ ಮೇಲೆ ಹತ್ತು, ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ಇರುತ್ತದೆ. ಮೈನಸ್ 7 ಸೆಲ್ಸಿಯಸ್‌ಗೆ ಆಗುವ ಸ್ಲೀಪಿಂಗ್ ಬ್ಯಾಗ್ ಬೇಕೇ ಬೇಕು, ಕೆಳಗೆ ಹಾಸಲು ದಪ್ಪ ಪ್ಯಾಡ್ ಕೂಡ. ಅಪ್ಪನಿಗೆ ನನ್ನ ಬ್ಯಾಗ್ ಕೊಡ್ತೀನಿ, ಈ ತಿಂಗಳ ಕೊನೆಗೆ ಷಾರ್ಲಟ್‌ಗೆ ಬರುವುದಿದೆ.

ದಾರಿಯ ಕೊನೆಯಲ್ಲಿ ಸ್ಪ್ರೂಸ್, ಫರ್ ಮರಗಳ ಕಾಡು ಬರುತ್ತದೆ. ಒಣಗಿ ನಿಂತ ಬಿಳಿ ಮರಗಳನ್ನೂ ಕಾಣುತ್ತೀರಿ. ಯುರೋಪಿನಿಂದ ಬಂದ ಒಂದು ಸಣ್ಣ ಕೀಟ ದೊಡ್ಡ ಫರ್ ಮರಗಳನ್ನೆಲ್ಲ ಕೊಂದುಹಾಕಿತು. ಈಗ ಅದರ ಬುಡದಲ್ಲೇ ಎಳೆ ಸಸಿಗಳು ಎದ್ದಿವೆ. ಅಡಿಕೆಗೆ ಎಲೆಚುಕ್ಕಿ ರೋಗ ನೋಡಿದವರಿಗೆ ಅದು ಬೇಗ ಅರ್ಥವಾಗುತ್ತದೆ. ಅಪ್ಪನಿಗೆ ತೋರಿಸಿ.

ತುಂಗೆಯ ದಡ (ಅಕ್ಟೋಬರ್ 14)

ಇವತ್ತು ಬೆಳಗ್ಗೆ ಪರ್ಮಿಟ್ ಆಯಿತು. ಐಸ್‌ವಾಟರ್ ಸ್ಪ್ರಿಂಗ್, ನವೆಂಬರ್ 9ರ ರಾತ್ರಿ, ನಾಲ್ಕು ಜನ. ಅಪ್ಪ ಇಯರ್‌ಪ್ಲಗ್ ಪೊಟ್ಟಣ ತೆಗೆದು ಎಷ್ಟು ಜೊತೆ ಉಳಿದಿದೆ ಅಂತ ಎಣಿಸುತ್ತಿದ್ದಾರೆ.